ರಾತ್ರಿ ಎರಡೂವರೆಗೆ ಎಚ್ಚರವಾದರೆ…

ಪ್ರಶ್ನೆ: ನನಗೆ 48. ಮಗಳನ್ನು ಮದುವೆ ಮಾಡಿ ಪುಣೆಗೆ ಕಳಿಸಿ ಎಂಟು ತಿಂಗಳಾಯಿತು. ಅಂದಿನಿಂದ ರಾತ್ರಿ ಎರಡೂವರೆಗೆ ಎಚ್ಚರವಾಗಿಬಿಡುತ್ತದೆ. ಮೊಬೈಲ್ ತೆಗೆದು ವಾಟ್ಸಾಪ್‌ನಲ್ಲಿ ಅವಳು ಎಷ್ಟು ಹೊತ್ತಿನವರೆಗೆ ಎದ್ದಿದ್ದಳು ಅಂತ ನೋಡುತ್ತೇನೆ. ಬೆಳಗಾಗುವಾಗ ನಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಮಲಗುತ್ತೇನೆ, ಸಂಜೆ ಆರಕ್ಕೆ ಕಾಫಿ ಬೇಕೇ ಬೇಕು. ಯಜಮಾನರ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಮೆಡಿಕಲ್ ಸ್ಟೋರಿನಲ್ಲಿ ನಿದ್ದೆ ಮಾತ್ರೆ ತಗೊಳ್ಳಲೇ?
— ಹೆಸರು ಬೇಡ, ತಿಪಟೂರು

ಉತ್ತರ: ಬೇಡ ತಂಗಿ, ಡಾಕ್ಟರನ್ನು ಕೇಳದೆ ಮಾತ್ರೆ ಬೇಡ.

ಅಮ್ಮ ತೀರಿಕೊಂಡ ವರ್ಷ ನನಗೂ ಹೀಗೇ ಆಗಿತ್ತು. ಗೋಡೆ ಗಡಿಯಾರ ನೋಡುತ್ತಾ, ಬೆಳಗಾಗಲು ಇನ್ನೆಷ್ಟು ಗಂಟೆ ಎಂದು ಲೆಕ್ಕ ಹಾಕುತ್ತಾ ಬಿದ್ದಿರುತ್ತಿದ್ದೆ. ಹಾಗೆ ಹೊರಳಾಡಿದಷ್ಟೂ ಹಾಸಿಗೆ ಕಂಡರೇ ಎಚ್ಚರವಾಗುವ ಅಭ್ಯಾಸ ಮನಸ್ಸಿಗೆ ಬೀಳುತ್ತದೆ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದುಬಿಡಿ. ನಾನು ಗಡಿಯಾರವನ್ನು ಬೀರುವಿನೊಳಗಿಟ್ಟೆ. ಅವರೆಕಾಯಿ ಕಾಲ ಅದು. ಅಡುಗೆಮನೆಯಲ್ಲಿ ಜೀರೋ ಬಲ್ಬ್ ಹಾಕಿಕೊಂಡು, ನೆನೆಸಿಟ್ಟ ಕಾಳು ಹಿತುಕುತ್ತಾ ಕೂರುತ್ತಿದ್ದೆ. ಬೆರಳ ಸಂದಿಯಿಂದ ಬೇಳೆ ಚಂಗನೆ ಜಾರಿ ಬಟ್ಟಲಿಗೆ ಬೀಳುತ್ತಿತ್ತು. ಆಕಳಿಕೆ ಬಂದ ಮೇಲೆಯೇ ಹಾಸಿಗೆಗೆ. ಮೊದಲ ವಾರ ಏನೂ ಪ್ರಯೋಜನ ಕಾಣಲಿಲ್ಲ, ಇನ್ನಷ್ಟು ಸುಸ್ತಾಯಿತು. ಮೂರನೇ ವಾರಕ್ಕೆ ಎಚ್ಚರವಾದರೂ ಬೇಗ ನಿದ್ದೆ ಹತ್ತತೊಡಗಿತು.

ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಇದು ಎಲ್ಲಕ್ಕಿಂತ ಮುಖ್ಯ. ಎದ್ದು ಬಿಸಿಲಿಗೆ ಬನ್ನಿ. ಮಧ್ಯಾಹ್ನದ ಆ ಎರಡು ಗಂಟೆ ನಿಮ್ಮ ರಾತ್ರಿಯ ನಿದ್ದೆಯನ್ನೇ ತಿನ್ನುತ್ತಿದೆ. ತಡೆಯಲಾಗದಿದ್ದರೆ ಅರ್ಧ ಗಂಟೆ ಸಾಕು. ಆರಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧ, ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಕಾಫಿ ಮಧ್ಯಾಹ್ನಕ್ಕೇ ಮುಗಿಯಲಿ.

ಇನ್ನೊಂದು ಮಾತು. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಮುಂಚಿನ ಬದಲಾವಣೆಗಳಿಂದಲೂ ನಿದ್ದೆ ಕೆಡುತ್ತದೆ. ರಾತ್ರಿ ಮೈ ಬಿಸಿಯೇರಿ ಬೆವರುತ್ತದೆಯೇ? ಎಂಟು ತಿಂಗಳು ಸಣ್ಣ ಅವಧಿಯಲ್ಲ, ಹಾಗಾಗಿ ಡಾಕ್ಟರಿಗೆ ತೋರಿಸಿ, ಥೈರಾಯ್ಡ್ ಪರೀಕ್ಷೆಯ ಬಗ್ಗೆಯೂ ಕೇಳಿ. ಮನಸ್ಸು ತೀರಾ ಕುಗ್ಗಿದರೆ, ಬದುಕೇ ಬೇಡ ಅನ್ನಿಸಿದರೆ, ಆ ಕ್ಷಣವೇ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಲ್ಲೂ ಎತ್ತುತ್ತಾರೆ.

ಮೊಬೈಲನ್ನು ಮಲಗುವ ಕೋಣೆಯ ಹೊರಗಿಡಿ. ಮಗಳು ಎಷ್ಟು ಹೊತ್ತಿಗೆ ಮಲಗಿದಳೆಂದು ಕದ್ದು ನೋಡುವ ಬದಲು ಸಂಜೆ ಅವಳಿಗೇ ಫೋನ್ ಮಾಡಿ, "ನೀನಿಲ್ಲದೆ ಮನೆ ಬಿಕೋ ಅನ್ನುತ್ತೆ ಕಣೇ" ಅಂತ ಹೇಳಿ. ಅವಳಿಗೆ ಭಾರವಾಗುತ್ತದೆಂದು ಹೆದರಬೇಡಿ. ಪಕ್ಕದಲ್ಲಿ ಯಜಮಾನರನ್ನೂ ಕೂರಿಸಿಕೊಳ್ಳಿ. ಅವರ ಮಗಳೂ ಹೋಗಿ ಎಂಟು ತಿಂಗಳಾಗಿದೆ.