ಪ್ರಜಾಪ್ರತಿನಿಧಿ ಸಭೆಯ ಅಧ್ಯಾಯ ವಾಪಸ್ ಬಂದಿದ್ದೇಕೆ?

ನಿಮ್ಮ ಸಂಶೋಧನಾ ಪ್ರಬಂಧದ ಪ್ರಜಾಪ್ರತಿನಿಧಿ ಸಭೆಯ ಅಧ್ಯಾಯವನ್ನು ಗೈಡ್ ವಾಪಸ್ ಕಳಿಸಿದ್ದೇಕೆ ಅಂತ ಕೇಳಿದ್ದೀರಿ. 1881ರಲ್ಲಿ ಮೈಸೂರು ಸಂಸ್ಥಾನದಲ್ಲಿ ಶುರುವಾದ ಈ ಸಭೆಯನ್ನು ನೀವು ‘ಪ್ರಜಾಪ್ರಭುತ್ವದ ಮೊದಲ ಹೆಜ್ಜೆ’ ಅಂತ ಬರೆದಿದ್ದೀರಿ. ಗೈಡ್ ಒಪ್ಪದಿರಲು ಬಹುಶಃ ಇದೇ ಕಾರಣ: 1947ರಲ್ಲಿ ಏನಾಯಿತು ಅಂತ ತಿಳಿದುಕೊಂಡು 1881ನ್ನು ಓದಿದ್ದೀರಿ. ಪೂರ್ತಿ ಅಧ್ಯಾಯ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ‘ಮೊದಲ ಹೆಜ್ಜೆ’, ‘ಬೀಜ’, ‘ಮುನ್ಸೂಚನೆ’ ಇರುವ ವಾಕ್ಯಗಳನ್ನೆಲ್ಲ ತೆಗೆಯಿರಿ. ಅಂದಿನವರಿಗೆ ಮುಂದಿನದು ಗೊತ್ತಿರಲಿಲ್ಲ, ಅಲ್ವಾ?

ಆಮೇಲೆ ದಿವಾನ್ ರಂಗಾಚಾರ್ಲು ಸಭೆಯಲ್ಲಿ ಮಾಡಿದ ಭಾಷಣವನ್ನು ಮತ್ತೆ ಓದಿ. ಯಾರಿಗೆ ಹೇಳುತ್ತಿದ್ದಾರೆ, ಹೇಳಿ ಏನು ಸಾಧಿಸಲು ನೋಡುತ್ತಿದ್ದಾರೆ ಅಂತ ಕೇಳಿಕೊಳ್ಳಿ. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತ ಮುಗಿದು ಅದೇ ವರ್ಷ ಅಧಿಕಾರ ಒಡೆಯರಿಗೆ ಮರಳಿತ್ತು. 1876–78ರ ಬರದಿಂದ ಜನ, ಖಜಾನೆ ಎರಡೂ ಸೊರಗಿದ್ದವು. ರಾಜರ ಆಡಳಿತ ಚೆನ್ನಾಗಿ ನಡೆಯುತ್ತದೆ ಅಂತ ಬ್ರಿಟಿಷರಿಗೂ ತೋರಿಸಬೇಕಿತ್ತು. ಸಭೆಗೆ ಬಂದ ರೈತರು, ವ್ಯಾಪಾರಿಗಳು ಸರ್ಕಾರವೇ ಆರಿಸಿದವರು. ವರದಿ ಕೇಳಿ ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವ ಅಧಿಕಾರ ಇರಲಿಲ್ಲ. ನನ್ನ ಪ್ರಕಾರ ನಿಮ್ಮ ಅಧ್ಯಾಯದ ಜೀವ ಇಲ್ಲೇ ಇದೆ. ಜಾಸ್ತಿ ಪುಟ ಇದಕ್ಕೇ ಕೊಡಿ.

1918ರ ಮಿಲ್ಲರ್ ಸಮಿತಿ, 1938ರ ಮದ್ದೂರಿನ ಶಿವಪುರ ಧ್ವಜ ಸತ್ಯಾಗ್ರಹ ಎರಡನ್ನೂ ಸುಮ್ನೆ ಒಂದೇ ದಾರಕ್ಕೆ ಪೋಣಿಸಬೇಡಿ. ಮೊದಲನೆಯದರಲ್ಲಿದ್ದ ಪ್ರಶ್ನೆ ಸರ್ಕಾರಿ ಕೆಲಸದಲ್ಲಿ ಹಿಂದುಳಿದವರ ಪಾಲು. ಶಿವಪುರದವರು ಕೇಳಿದ್ದು ಜವಾಬ್ದಾರಿ ಸರ್ಕಾರ, ಅಂದರೆ ಜನರು ಆರಿಸಿದವರಿಗೆ ಉತ್ತರ ಕೊಡಬೇಕಾದ ಸರ್ಕಾರ. ಎರಡಕ್ಕೂ ಬೇರೆ ಅಧ್ಯಾಯಗಳೇ ಬೇಕು.

ಸಭೆಯ ನಡಾವಳಿಗಳಿಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಲೈಬ್ರರಿಯಲ್ಲಿ ಕೇಳಿ. ಸದಸ್ಯರ ಅಹವಾಲುಗಳಿಂದಲೇ ಓದಲು ಶುರುಮಾಡಿ, ದಿವಾನರ ಭಾಷಣ ಆಮೇಲೆ.