ಜೇನುಪೆಟ್ಟಿಗೆ ಜಾಗ ಬದಲಿಸಿದರೂ ನೊಣಗಳು ಹಳೇ ಜಾಗಕ್ಕೇ ಬರುವುದೇಕೆ?

ಹಿರಿಯಡ್ಕದ ನಿಮ್ಮ ಮನೆಯಲ್ಲಿ ಹಟ್ಟಿ ಬದಿಯ ತುಡುವೆ (ನಾವು ಸಾಕುವ ಊರ ಜೇನು) ಪೆಟ್ಟಿಗೆಯನ್ನು ರಾತ್ರಿ 40 ಮೀಟರ್ ಆಚೆ, ತೋಟದ ಪಾಗಾರದ ಹತ್ತಿರ ಇಟ್ಟಿದ್ದೀರಿ. ಬೆಳಿಗ್ಗೆ ನೊಣಗಳು ಹಟ್ಟಿ ಬದಿಯಲ್ಲೇ ಸುತ್ತುತ್ತಿವೆ. ಅವು ದಾರಿ ತಪ್ಪಿಲ್ಲ. ಕಲಿತ ದಾರಿಯಲ್ಲೇ ಸರಿಯಾಗಿ ಬಂದಿವೆ, ಪೆಟ್ಟಿಗೆ ಅಲ್ಲಿಲ್ಲ ಅಷ್ಟೆ.

ಎಳೆಯ ನೊಣ ಹೂವಿಗೆ ಹೋಗುವ ಮೊದಲು ಮನೆಯ ಗುರುತು ಕಲಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ನಿಂತು ನೋಡಿ: ಹೊರಬಿದ್ದ ಕೂಡಲೇ ತಿರುಗಿ ಬಾಗಿಲಿಗೆ ಮುಖ ಮಾಡಿ, ಎಡಕ್ಕೂ ಬಲಕ್ಕೂ ತೂಗುತ್ತಾ, ಸುತ್ತು ದೊಡ್ಡದು ಮಾಡಿಕೊಳ್ಳುತ್ತಾ ಹಿಂದೆ ಸರಿಯುತ್ತದೆ. ತೆಂಗಿನ ಬುಡ, ಹಟ್ಟಿಯ ಮೂಲೆ ಬಾಗಿಲ ಬಳಿಯಿಂದ ಯಾವ ಕಡೆ, ಎಷ್ಟು ದೊಡ್ಡದಾಗಿ ಕಾಣುತ್ತವೆ ಎಂಬುದು ಅದರ ನೆನಪಿನಲ್ಲಿ ಕೂರುತ್ತದೆ. ಪ್ರಾಣಿವರ್ತನೆಯ ವಿಜ್ಞಾನಿ ಟಿನ್‌ಬರ್ಗೆನ್ 1932ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು: ಮಣ್ಣಲ್ಲಿ ಗೂಡು ತೋಡುವ ಕಣಜದ ಬಿಲದ ಸುತ್ತ ಪೈನ್ ಕಾಯಿಗಳ ಬಳೆ ಇಟ್ಟು, ಅದು ಕಲಿತ ಮೇಲೆ ಬಳೆಯನ್ನು ಪಕ್ಕಕ್ಕೆ ಸರಿಸಿದರೆ, ಕಣಜ ಬಿಲ ಬಿಟ್ಟು ಬಳೆಯ ನಡುವೆ ಹುಡುಕಿತು.

ಈಗ ಮಾಡಬೇಕಾದ್ದು. ದಿನಕ್ಕೆ 2 ಅಡಿಯಂತೆ ಸರಿಸಿದರೆ ನೊಣಗಳಿಗೆ ಗೊಂದಲವಿಲ್ಲ, ಆದರೆ 40 ಮೀಟರಿಗೆ ಎರಡು ತಿಂಗಳು ಮೀರುತ್ತದೆ. ಮಳೆ ಹಿಡಿದು ನೊಣ ಹಾರದ ದಿನ ಲೆಕ್ಕಕ್ಕಿಲ್ಲ. ಅಷ್ಟು ತಾಳ್ಮೆ ಯಾರಿಗಿದೆ! ನಾನು ಹೇಳುವುದು: ಇವತ್ತು ರಾತ್ರಿ ಪೆಟ್ಟಿಗೆಯನ್ನು ಹಳೇ ಜಾಗಕ್ಕೇ ತನ್ನಿ, ಎಲ್ಲ ನೊಣ ಸೇರಲಿ. ಮರುದಿನ ಕತ್ತಲಾದ ಮೇಲೆ ಬಾಗಿಲಿಗೆ ತಂತಿ ಬಲೆ ಬಡಿದು, ಕನಿಷ್ಠ 3 ಕಿ.ಮೀ. ದೂರದ ನೆಂಟರ ಮನೆಯಲ್ಲಿಡಿ. ಮೂರು ವಾರದಲ್ಲಿ ಹಳೇ ಗುರುತಿನ ನೊಣಗಳು ಹೆಚ್ಚಿನಂಶ ಸತ್ತಿರುತ್ತವೆ. ಆಮೇಲೆ ಪಾಗಾರದ ಬಳಿ ತಂದಿಡಿ. ಬಾಗಿಲನ್ನು ಬಟ್ಟೆ ತುರುಕಿ ಮುಚ್ಚಬೇಡಿ, ನಮ್ಮ ಸೆಕೆಗೆ ಗಾಳಿಯಿಲ್ಲದೆ ಎರಿ (ನೊಣ ಕಟ್ಟುವ ಮೇಣದ ಹಲ್ಲೆ) ಮೆತ್ತಗಾಗಿ ಕುಸಿಯುತ್ತದೆ.

ದೂರ ಒಯ್ಯಲು ಆಗದಿದ್ದರೆ, ಹೊಸ ಜಾಗದಲ್ಲಿ ಬಾಗಿಲ ಮುಂದೆ ಸೊಪ್ಪಿನ ಗೆಲ್ಲು ಒರಗಿಸಿ. ತಡೆ ಕಂಡು ಹಲವು ನೊಣಗಳು ಹೊಸದಾಗಿ ಗುರುತು ಹಾಕಿಕೊಳ್ಳುತ್ತವೆ. ಹಳೇ ಜಾಗದ ಸ್ಟ್ಯಾಂಡ್ ತೆಗೆಯಿರಿ. ಹಾಗಿದ್ದೂ ಅಲ್ಲಿಗೇ ಬಂದವಕ್ಕೆ ಸಂಜೆ ಖಾಲಿ ಪೆಟ್ಟಿಗೆಯಲ್ಲಿ ಹಳೇ ಎರಿಯೊಂದನ್ನು ಇಟ್ಟು, ಕೂತ ಮೇಲೆ ಕುಟುಂಬಕ್ಕೆ ಸೇರಿಸಿ. ಇದನ್ನು ನಾಲ್ಕೈದು ಸಂಜೆ ಮಾಡಬೇಕಾದೀತು. ತುಡುವೆ ಸಿಟ್ಟಾದರೆ ಗೂಡು ಬಿಟ್ಟೇ ಹೋಗುವ ಜಾತಿ, ಹಾಗಾಗಿ ಸಂಸಾರ ಕೋಣೆಯಲ್ಲಿ (ಮರಿ ಬೆಳೆಯುವ ಕೆಳಗಿನ ಕೋಣೆ) ಮರಿ ಇರುವಾಗಲೇ ಸಾಗಿಸಿ, ಮರಿ ಬಿಟ್ಟು ಅದು ಸುಲಭಕ್ಕೆ ಹೋಗದು.

ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಇಡುವುದಾದರೆ ಒಂದಕ್ಕೆ ನೀಲಿ, ಒಂದಕ್ಕೆ ಹಳದಿ ಬಳಿಯಿರಿ. ಕೆಂಪು ಬೇಡ, ಜೇನಿನ ಕಣ್ಣಿಗೆ ಅದು ಕಪ್ಪಿನ ಹಾಗೆ.