ಆ ಫೈಲ್ ಡಬ್ಲ್ಯುಎಬಿ ಹೌದೋ ಅಲ್ಲವೋ: ಮೊದಲ 16 ಬೈಟ್ ಹೇಳುವುದೆಷ್ಟು?

ಹಳೇ ಹಾರ್ಡ್‌ಡಿಸ್ಕ್ ರಿಕವರಿ ಮಾಡಿದಾಗ ಎಕ್ಸ್‌ಟೆನ್ಶನ್ ಇಲ್ಲದ ಫೈಲೊಂದು ಸಿಕ್ಕಿದೆ, ಔಟ್‌ಲುಕ್ ಎಕ್ಸ್‌ಪ್ರೆಸ್ ಕಾಲದ ವಿಂಡೋಸ್ ಅಡ್ರೆಸ್ ಬುಕ್ (ಡಬ್ಲ್ಯುಎಬಿ) ಇರಬಹುದೆಂಬ ಗುಮಾನಿ ಇದೆ, ಆದರೆ ಮೊದಲ 16 ಬೈಟ್‌ಗಳನ್ನು ಡಬ್ಲ್ಯುಎಬಿಯ ಜಿಯುಐಡಿಗೆ, ಅಂದರೆ ಅದರ 16 ಬೈಟ್‌ಗಳ ಗುರುತಿನ ಸಂಖ್ಯೆಗೆ, ಹೋಲಿಸಿದರೆ ಕೊನೆಯ ಅರ್ಧ ಮಾತ್ರ ಹೊಂದುತ್ತದೆ, ಮೊದಲರ್ಧ ಕಲಸುಮೇಲೋಗರ ಅಂತ ಕೇಳಿದ್ದೀರಿ.

ಸಿಗ್ನೇಚರ್, ಅಂದರೆ ಫೈಲ್ ಯಾವ ಬಗೆಯದೆಂದು ಹೇಳುವ ಈ ಮೊದಲ ಬೈಟ್‌ಗಳು, ಕೆಟ್ಟಿಲ್ಲ. ಜಿಯುಐಡಿಯನ್ನು ಬರೆಯುವ ಕ್ರಮ ಒಂದು, ಡಿಸ್ಕ್ ಮೇಲೆ ಕೂರುವ ಕ್ರಮ ಇನ್ನೊಂದು. ಮೊದಲ ಮೂರು ಗುಂಪುಗಳ ಬೈಟ್‌ಗಳು ಹಿಂದುಮುಂದಾಗಿ ಕೂರುತ್ತವೆ, ಉಳಿದ 8 ಬೈಟ್ ಇದ್ದ ಹಾಗೇ ಇರುತ್ತವೆ. ಹಾಗಾಗಿ 8ಡಿಸಿಬಿಸಿಬಿ9ಸಿ-7513-11ಡಿ2 ಎಂದು ಶುರುವಾಗುವ ಜಿಯುಐಡಿ ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟ್‌ಗಳನ್ನೇ ತೋರಿಸುವ ಪ್ರೋಗ್ರಾಂ) ಹೀಗೆ ಕಾಣುತ್ತದೆ:

9ಸಿ ಸಿಬಿ ಸಿಬಿ 8ಡಿ 13 75 ಡಿ2 11 91 58 00 ಸಿ0 4ಎಫ್ 79 56 ಎ4

ಇದಕ್ಕೂ ಹಳೆಯದೊಂದಿದೆ, ವಿಂಡೋಸ್ 95 ಕಾಲದ್ದು: 81 32 84 ಸಿ1 85 05 ಡಿ0 11 ಬಿ2 90 00 ಎಎ 00 3ಸಿ ಎಫ್6 76. ಹೋಲಿಸುವಾಗ ಎರಡನ್ನೂ ಒಪ್ಪಿಕೊಳ್ಳಿ.

ಒಂದು ಮೋಜು: ಇವೆರಡೂ ಮೊದಲ ಆವೃತ್ತಿಯ ಜಿಯುಐಡಿಗಳು, ಅಂದರೆ ತಾವು ಹುಟ್ಟಿದ ಗಳಿಗೆಯನ್ನು ಒಳಗೇ ಇಟ್ಟುಕೊಂಡಿವೆ. ಲೆಕ್ಕ ಹಾಕಿದರೆ ಹೊಸದು 1998ರ ನವೆಂಬರ್‌ಗೆ, ಹಳೆಯದು 1996ರ ಸೆಪ್ಟೆಂಬರ್‌ಗೆ ಬಂದು ನಿಲ್ಲುತ್ತದೆ. ಫೈಲಿನ ವಯಸ್ಸಂತೂ ಇದರಿಂದ ತಿಳಿಯದು. ಎಲ್ಲರ ಅಡ್ರೆಸ್ ಬುಕ್‌ನಲ್ಲೂ ಇದೇ ಬೈಟ್‌ಗಳು.

ಈಗ ಮುಖ್ಯ ವಿಷಯ. ಸಿಗ್ನೇಚರ್ ಹೊಂದಿತು ಅಂದಮಾತ್ರಕ್ಕೆ ಫೈಲ್ ನೆಟ್ಟಗಿದೆ ಅಂದುಕೊಳ್ಳಬೇಡಿ, ರಿಕವರಿಯಿಂದ ಬಂದದ್ದಾದರೆ ಇನ್ನೂ ಅನುಮಾನಿಸಿ. ನಾನೊಮ್ಮೆ ಹೀಗೇ ಮೋಸಹೋಗಿದ್ದೆ: ಮೊದಲ 4096 ಬೈಟ್ ಅಚ್ಚುಕಟ್ಟು, ಅದರಾಚೆಗೆ ಪೂರ್ತಿ ಯಾವುದೋ ಫೋಟೋದ ತುಣುಕು! ಮೊದಲ ಕ್ಲಸ್ಟರ್ (ಡಿಸ್ಕ್ ಜಾಗ ಹಂಚುವ ತುಂಡು) ಮಾತ್ರ ಉಳಿದಿತ್ತು.

ಆದ್ದರಿಂದ ಹೆಡರ್‌ನಲ್ಲಿ (ಫೈಲಿನ ಆರಂಭದ ಭಾಗ) ಸಿಗ್ನೇಚರ್ ಆದಮೇಲೆ ಬರುವ ಟೇಬಲ್‌ಗಳ ವಿವರ ಓದಿ. ಪ್ರತಿ ಟೇಬಲ್ ಎಲ್ಲಿ ಶುರು, ಎಷ್ಟು ಉದ್ದ ಅನ್ನುವುದು ಅಲ್ಲೇ ಇರುತ್ತದೆ. ಎರಡನ್ನೂ ಕೂಡಿದಾಗ ಫೈಲಿನ ಗಾತ್ರವನ್ನು ದಾಟಿದರೆ ಬಾಲ ಕತ್ತರಿಸಿಹೋಗಿದೆ ಅಂತಲೇ ಲೆಕ್ಕ. ಆಮೇಲೆ ಒಳಗೆ 1ಎಫ್ 00 01 30 ಹುಡುಕಿ, ಅದು ಹೆಸರಿನ ಮ್ಯಾಪಿ ಟ್ಯಾಗ್, ಅಂದರೆ ಮುಂದಿನ ಮಾಹಿತಿ ಯಾವುದೆಂದು ಹೇಳುವ ಮೈಕ್ರೋಸಾಫ್ಟ್ ಮೇಲ್ ವ್ಯವಸ್ಥೆಯ ಗುರುತು. 1ಎಫ್ 00 03 30 ಇಮೇಲ್ ವಿಳಾಸದ್ದು. ಒಂದಕ್ಷರಕ್ಕೆ ಒಂದೇ ಬೈಟ್ ಬಳಸುವ ಹಳೇ ಫೈಲಾದರೆ 1ಎಫ್ ಜಾಗದಲ್ಲಿ 1ಇ ಬರುತ್ತದೆ. ಗೊತ್ತಿರುವ ಹೆಸರನ್ನು ನೇರ ಟೈಪ್ ಮಾಡಿ ಹುಡುಕಿ, ಸಿಗಲಿಲ್ಲವೆಂದು ಕೈಬಿಡಬೇಡಿ. ಯೂನಿಕೋಡ್ ಇದ್ದಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರದ ಬೆನ್ನಿಗೂ ಒಂದು 00 ಅಂಟಿಕೊಂಡಿರುತ್ತದೆ.

ಸಿಗ್ನೇಚರೇ ಹೊಂದದಿದ್ದರೆ? 21 42 44 4ಇ ಎಂದು ಶುರುವಾದರೆ ಅದು ಔಟ್‌ಲುಕ್ ಕುಟುಂಬದ್ದು. ಸೊನ್ನೆಯಿಂದ ಎಣಿಸಿ 8 ಮತ್ತು 9ನೇ ಬೈಟ್ ನೋಡಿ: 41 42 ಇದ್ದರೆ ಪಿಎಬಿ, ಅಂದರೆ ಪರ್ಸನಲ್ ಅಡ್ರೆಸ್ ಬುಕ್. 53 4ಡಿ ಇದ್ದರೆ ಪಿಎಸ್‌ಟಿ, ಅಂದರೆ ಔಟ್‌ಲುಕ್ ಮೇಲ್‌ಗಳನ್ನಿಡುವ ಫೈಲ್. ಮೊದಲ ಸಾಲು ಕಣ್ಣಲ್ಲೇ ಓದಲು ಬಂದು, ಅದರಲ್ಲಿ ಮೋರ್ಕ್ ಅನ್ನುವ ಪದ ಕಂಡರೆ ಮೊಜಿಲ್ಲಾ ಕಡೆಯದು.

ಇದನ್ನೆಲ್ಲ ಕಾಪಿಯ ಮೇಲೆ ಮಾಡಿ, ಮೂಲ ಫೈಲ್ ಮುಟ್ಟಬೇಡಿ. ಡಬ್ಲ್ಯುಎಬಿ ಅಂತ ಖಚಿತವಾದರೆ ಲಿಬ್‌ವ್ಯಾಬ್ (ಡಬ್ಲ್ಯುಎಬಿ ಓದುವ ಸಾಫ್ಟ್‌ವೇರ್) ಜೊತೆ ಬರುವ ವ್ಯಾಬ್‌ರೀಡ್ ಓಡಿಸಿ, ಹೆಸರು-ವಿಳಾಸಗಳನ್ನು ಎಲ್‌ಡಿಐಎಫ್ (ವಿಳಾಸಗಳನ್ನು ಪಠ್ಯವಾಗಿ ಬರೆಯುವ ಮಾದರಿ) ಆಗಿ ಹೊರತೆಗೆಯುತ್ತದೆ.